ಸೋತ ಸೈನ್ಯಕ್ಕೆ ಪಾಠ ಹೇಳಿದ ಸೇನಾಪತಿ: ವಿಲಿಯಂ ಸ್ಲಿಮ್

ಶಿಕ್ಷಕರ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಪೆಸ್ತಲಾಜಿ, ಮಾಂಟೆಸ್ಸರಿ, ಗಿಜುಭಾಯಿ, ಸಾವಿತ್ರಿಬಾಯಿ ಫುಲೆ ಮೊದಲಾದವರ ಜೀವನ ಪರಿಚಯ ಬರುತ್ತದೆ. ಈ ಸಲ ನಾನು ಒಬ್ಬ ಬ್ರಿಟಿಷ್ ಸೇನಾಪತಿಯ ಜೀವನವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್ ಸೈನ್ಯ ಸೇರುವ ಮೊದಲು ಬಡವರ ಬಡಾವಣೆಯೊಂದರ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದರು ಎಂಬುದು ಒಂದು ಕಾರಣ. 1942ರಲ್ಲಿ ಬರ್ಮಾದಿಂದ ಸೋತು ಬಂದ ಸೈನ್ಯವನ್ನು ಅವರು ಎರಡು ವರ್ಷಗಳಲ್ಲಿ ಗೆಲ್ಲುವ ಸೈನ್ಯವಾಗಿ ಬದಲಿಸಿದ ರೀತಿ ಬಹುಮಟ್ಟಿಗೆ ಕಲಿಸುವ ಕೆಲಸವೇ ಆಗಿತ್ತು ಎಂಬುದು ಇನ್ನೊಂದು.

ಬೋಧನಾಭ್ಯಾಸಕ್ಕೆ ಹೋದ ನಮಗೆಲ್ಲ ಒಂದು ಪ್ರಶ್ನೆ ಎದುರಾಗಿದೆ. ತನ್ನಿಂದ ಆಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿಕೊಂಡ ಮಗುವಿಗೆ ಏನು ಮಾಡಬೇಕು? ನಾನು ಎಂಟನೇ ತರಗತಿಗೆ ವಿಜ್ಞಾನ ಕಲಿಸಿದೆ. ಹಿಂದಿನ ಬೆಂಚಿನ ಆರೇಳು ಮಕ್ಕಳು ಪಾಠ ಆರಂಭವಾಗುವ ಮುನ್ನವೇ ಪುಸ್ತಕ ಮುಚ್ಚಿ ಕೂರುತ್ತಿದ್ದರು. ಅವರಿಗೆ ಬುದ್ಧಿ ಇಲ್ಲವೆಂದಲ್ಲ. ಹಿಂದೆ ಹಲವು ಸಲ ಸೋತಿದ್ದರು, ಅಷ್ಟೇ. ಸ್ಲಿಮ್ ಅವರ ಜೀವನವನ್ನು ಓದುವಾಗ ನನ್ನ ಗಮನವೆಲ್ಲ ಈ ಪ್ರಶ್ನೆಯ ಮೇಲೇ ಇತ್ತು.

ಬಾಲ್ಯ ಮತ್ತು ಶಾಲೆಯ ದಿನಗಳು

ವಿಲಿಯಂ ಜೋಸೆಫ್ ಸ್ಲಿಮ್ 1891ರ ಆಗಸ್ಟ್ 6ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದರು. ತಂದೆ ಜಾನ್ ಸ್ಲಿಮ್ ಕಬ್ಬಿಣದ ಸಾಮಾನಿನ ವ್ಯಾಪಾರಿ. ಕುಟುಂಬ ಮುಂದೆ ಬರ್ಮಿಂಗ್‌ಹ್ಯಾಂ ಎಂಬ ಕೈಗಾರಿಕಾ ನಗರಕ್ಕೆ ಬಂತು. ಅಲ್ಲಿನ ಕಿಂಗ್ ಎಡ್ವರ್ಡ್ಸ್ ಶಾಲೆಯಲ್ಲಿ ಹುಡುಗನ ಓದು ನಡೆಯಿತು. ತಂದೆಯ ವ್ಯಾಪಾರ ಕುಸಿದಾಗ ಮನೆಯವರಿಗೆ ಒಬ್ಬ ಮಗನನ್ನು ಮಾತ್ರ ಕಾಲೇಜಿಗೆ ಕಳಿಸುವ ಶಕ್ತಿ ಉಳಿಯಿತು. ಅಣ್ಣ ವೈದ್ಯಕೀಯ ಓದಲು ಹೋದ. ತಮ್ಮ ದುಡಿಯಲು ಹೊರಟ.

ಹೀಗೆ ಸ್ಲಿಮ್ ಬರ್ಮಿಂಗ್‌ಹ್ಯಾಂನ ಬಡ ಕಾರ್ಮಿಕರ ಬಡಾವಣೆಯೊಂದರ ಶಾಲೆಯಲ್ಲಿ ಕೆಲಕಾಲ ಮಕ್ಕಳಿಗೆ ಪಾಠ ಹೇಳಿದರು. ಹಸಿದು ಬರುವ ಮಕ್ಕಳು, ಕೆಲಸವಿಲ್ಲದ ತಂದೆಯರು, ಒಂದೇ ಕೋಣೆಯ ಮನೆಗಳು, ಇವೆಲ್ಲವನ್ನೂ ಅವರು ಹತ್ತಿರದಿಂದ ಕಂಡರು. 1910ರಿಂದ ಸ್ಟೂವರ್ಟ್ಸ್ ಅಂಡ್ ಲಾಯ್ಡ್ಸ್ ಎಂಬ ಲೋಹದ ಕೊಳವೆ ತಯಾರಿಸುವ ಕಂಪನಿಯಲ್ಲಿ ಗುಮಾಸ್ತರಾದರು. ಮುಂದೆ ಅವರ ಸೈನ್ಯದಲ್ಲಿದ್ದ ಸಾಮಾನ್ಯ ಸಿಪಾಯಿ ಅವರನ್ನು ನಮ್ಮವರು ಎಂದುಕೊಳ್ಳಲು ಈ ವರ್ಷಗಳೇ ಕಾರಣ ಎಂದು ನನಗೆ ಅನ್ನಿಸುತ್ತದೆ. ಆ ಕಾಲದ ಬ್ರಿಟಿಷ್ ಅಧಿಕಾರಿಗಳಲ್ಲಿ ಬಹುಪಾಲು ಮಂದಿ ಅನುಕೂಲಸ್ಥ ಮನೆತನಗಳಿಂದ ಬಂದವರು. ಬಡವರ ಮನೆಯ ಒಳಗು ಅವರಿಗೆ ಗೊತ್ತಿರಲಿಲ್ಲ.

ಸೈನ್ಯಕ್ಕೆ ಸೇರುವ ಆಸೆ ಇದ್ದರೂ ಅಧಿಕಾರಿಗಳ ಶಾಲೆಗೆ ಕಟ್ಟುವಷ್ಟು ಹಣವಿರಲಿಲ್ಲ. 1912ರಲ್ಲಿ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಸೈನಿಕ ತರಬೇತಿ ದಳಕ್ಕೆ, ಅಲ್ಲಿನ ವಿದ್ಯಾರ್ಥಿಯಲ್ಲದಿದ್ದರೂ, ಹೇಗೋ ಸೇರಿಕೊಂಡರು. ನಮ್ಮ ಎನ್‌ಸಿಸಿಯಂತಹ ದಳ ಅದು.

ಮೊದಲ ಮಹಾಯುದ್ಧ

1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾಯಿತು. ಅದೇ ತಿಂಗಳು ಸ್ಲಿಮ್ ರಾಯಲ್ ವಾರ್ವಿಕ್‌ಷೈರ್ ರೆಜಿಮೆಂಟಿನಲ್ಲಿ ತಾತ್ಕಾಲಿಕ ಸೆಕೆಂಡ್ ಲೆಫ್ಟಿನೆಂಟ್ ಆದರು. ಯುದ್ಧ ಬರದಿದ್ದರೆ ಈ ಗುಮಾಸ್ತರಿಗೆ ಆ ಹುದ್ದೆ ಸಿಗುವುದು ಕಷ್ಟವಿತ್ತು.

1915ರಲ್ಲಿ ಅವರ ದಳವನ್ನು ತುರ್ಕಿಯ ಗಲ್ಲಿಪೊಲಿಗೆ ಕಳಿಸಲಾಯಿತು. ಆಗಸ್ಟಿನಲ್ಲಿ ಸಾರಿ ಬೈರ್ ಗುಡ್ಡಸಾಲಿನ ಹೋರಾಟದಲ್ಲಿ ಅವರಿಗೆ ತೀವ್ರವಾದ ಗುಂಡೇಟು ಬಿತ್ತು. ಅಲ್ಲಿ ಅವರ ಪಕ್ಕದಲ್ಲಿ ಕಾದಾಡಿದ್ದು 6ನೇ ಗೂರ್ಖಾ ರೈಫಲ್ಸ್. ಗೂರ್ಖಾ ಸೈನಿಕರ ಸ್ಥೈರ್ಯವನ್ನು ಕಂಡ ಸ್ಲಿಮ್, ಮುಂದೆ ಸೇರುವುದಾದರೆ ಇಂಥ ದಳಕ್ಕೇ ಸೇರಬೇಕು ಎಂದು ಮನಸ್ಸು ಮಾಡಿದರು. ಗುಣಮುಖರಾದ ಮೇಲೆ ಈಗಿನ ಇರಾಕ್ ಆದ ಮೆಸಪೊಟೇಮಿಯಾಕ್ಕೆ ಹೋದರು. 1917ರಲ್ಲಿ ಅಲ್ಲಿಯೂ ಗಾಯಗೊಂಡರು. ಆ ಕಾರ್ಯಾಚರಣೆಗಾಗಿ ಅವರಿಗೆ ಮಿಲಿಟರಿ ಕ್ರಾಸ್ ಪದಕ ಸಿಕ್ಕಿತು. ಚಿಕಿತ್ಸೆಗಾಗಿ ಭಾರತಕ್ಕೆ ಬಂದರು. ಇಲ್ಲಿಂದ ಅವರ ಜೀವನ ನಮ್ಮ ದೇಶದೊಂದಿಗೆ ಬೆಸೆದುಕೊಂಡಿತು.

ಭಾರತದ ಸೈನ್ಯದಲ್ಲಿ

1919ರಲ್ಲಿ ಅವರು ಬ್ರಿಟಿಷ್ ಭಾರತೀಯ ಸೈನ್ಯಕ್ಕೆ ವರ್ಗವಾದರು, ಮರುವರ್ಷ 6ನೇ ಗೂರ್ಖಾ ರೈಫಲ್ಸ್ ಸೇರಿದರು. ಗೂರ್ಖಾಲಿ ಮತ್ತು ಉರ್ದು ಕಲಿತರು. 1926ರಲ್ಲಿ ಐಲೀನ್ ರಾಬರ್ಟ್‌ಸನ್ ಅವರೊಡನೆ ಮದುವೆಯಾಯಿತು. ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ಓದಿದರು. 1934ರಿಂದ ಇಂಗ್ಲೆಂಡಿನ ಕ್ಯಾಂಬರ್ಲಿ ಸ್ಟಾಫ್ ಕಾಲೇಜಿನಲ್ಲಿ ಬೋಧಕರಾಗಿದ್ದರು. ಸಂಬಳ ಸಾಲದ್ದರಿಂದ ಆಂಥನಿ ಮಿಲ್ಸ್ ಎಂಬ ಹೆಸರಿನಲ್ಲಿ ಪತ್ರಿಕೆಗಳಿಗೆ ಕಥೆ ಬರೆದು ಸಂಪಾದಿಸುತ್ತಿದ್ದರು. ಸ್ಲಿಮ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿದರೆ ಮಿಲ್ಸ್ ಎಂದಾಗುತ್ತದೆ. ಅವರ ಬರವಣಿಗೆ ಸರಳವಾಗಿರುವುದಕ್ಕೆ ಈ ಅಭ್ಯಾಸವೂ ಒಂದು ಕಾರಣವಿರಬೇಕು.

ಕರ್ನಾಟಕದ ಓದುಗರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. 1939ರಲ್ಲಿ ಸ್ಲಿಮ್ ಬೆಳಗಾವಿಯ ಹಿರಿಯ ಅಧಿಕಾರಿಗಳ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದರು. ಎರಡನೇ ಮಹಾಯುದ್ಧ ಆರಂಭವಾದಾಗ ಅವರು ಇದ್ದದ್ದು ಯುದ್ಧಭೂಮಿಯಲ್ಲಲ್ಲ, ನಮ್ಮ ಬೆಳಗಾವಿಯ ತರಗತಿಯಲ್ಲಿ. ಆಗ ಅವರಿಗೆ 48 ವರ್ಷ. ಹೆಚ್ಚು ಜನರಿಗೆ ಹೆಸರು ಗೊತ್ತಿಲ್ಲದ, ನಿವೃತ್ತಿಯ ಅಂಚಿನಲ್ಲಿದ್ದ ಅಧಿಕಾರಿ.

ಗಲ್ಲಾಬಾತ್: ತನ್ನ ತಪ್ಪನ್ನು ತಾನೇ ಬರೆದದ್ದು

ಯುದ್ಧ ಆರಂಭವಾದ ಮೇಲೆ ಅವರಿಗೆ 5ನೇ ಭಾರತೀಯ ಡಿವಿಷನ್ನಿನ 10ನೇ ಬ್ರಿಗೇಡನ್ನು ವಹಿಸಲಾಯಿತು. 1940ರ ನವೆಂಬರ್ 6ರಂದು ಸುಡಾನ್ ಗಡಿಯ ಗಲ್ಲಾಬಾತ್ ಕೋಟೆಯ ಮೇಲೆ ಅವರು ದಾಳಿ ನಡೆಸಿದರು. ಇಟಲಿಯವರ ಕೈಯಲ್ಲಿದ್ದ ಕೋಟೆ ವಶವಾಯಿತು. ಆದರೆ ಗಡಿಯಾಚೆಯ ಮೆತೆಮ್ಮಾ ಕೈಗೆ ಸಿಗಲಿಲ್ಲ. ಟ್ಯಾಂಕುಗಳು ಕೆಟ್ಟು ನಿಂತವು, ಇಟಲಿಯ ವಿಮಾನಗಳು ಬಾಂಬು ಹಾಕಿದವು, ಒಂದು ದಳದ ಸೈನಿಕರು ಚದುರಿದರು. ಮುಂದುವರಿಯುವುದೋ ಹಿಂದೆ ಸರಿಯುವುದೋ ಎಂಬ ಎರಡು ದಾರಿಗಳಲ್ಲಿ ಸ್ಲಿಮ್ ಹಿಂದೆ ಸರಿಯುವುದನ್ನು ಆರಿಸಿಕೊಂಡರು.

ನಂತರ ಅವರು ಇದರ ಬಗ್ಗೆ ಬರೆಯುವಾಗ ಟ್ಯಾಂಕನ್ನಾಗಲಿ ಸೈನಿಕರನ್ನಾಗಲಿ ದೂರಲಿಲ್ಲ. ಧೈರ್ಯದ ದಾರಿ ಮುಂದಿದ್ದಾಗ ತಾನು ಭಯದ ಮಾತು ಕೇಳಿದೆ ಎಂಬರ್ಥದಲ್ಲಿ ತಪ್ಪನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡರು. ಘಟಕ ಪರೀಕ್ಷೆಯಲ್ಲಿ ತರಗತಿ ಸೋತಾಗ ಹಿಂದಿನ ವರ್ಷದ ಶಿಕ್ಷಕರನ್ನೂ ಮನೆಯ ವಾತಾವರಣವನ್ನೂ ದೂರುವುದು ನಮ್ಮ ಸಿಬ್ಬಂದಿ ಕೋಣೆಗಳಲ್ಲಿ ರೂಢಿ. ಆ ಕಾರಣಗಳು ಸುಳ್ಳಲ್ಲದಿರಬಹುದು. ಆದರೆ ನಾಳೆ ಬದಲಿಸಲು ನಮ್ಮ ಕೈಯಲ್ಲಿರುವುದು ನಮ್ಮ ಪಾಠ ಮಾತ್ರ.

1941ರಲ್ಲಿ ಎರಿಟ್ರಿಯಾದಲ್ಲಿ ವಿಮಾನ ದಾಳಿಯಿಂದ ಅವರು ಮತ್ತೆ ಗಾಯಗೊಂಡರು. ಅದೇ ವರ್ಷ 10ನೇ ಭಾರತೀಯ ಡಿವಿಷನ್ನಿನ ಮುಖ್ಯಸ್ಥರಾಗಿ ಇರಾಕ್, ಸಿರಿಯಾ ಮತ್ತು ಇರಾನ್‌ಗಳಲ್ಲಿ ಕಾರ್ಯಾಚರಣೆ ನಡೆಸಿದರು. ಕೊಡಗಿನ ಕೆ. ಎಂ. ಕಾರ್ಯಪ್ಪನವರು ಇರಾಕ್‌ನಲ್ಲಿ ಈ ಡಿವಿಷನ್ನಿನಲ್ಲಿಯೇ ಸೇವೆ ಸಲ್ಲಿಸಿದರು.

ಬರ್ಮಾದ ದೀರ್ಘ ಹಿಮ್ಮೆಟ್ಟುವಿಕೆ

1942ರ ಮಾರ್ಚ್ 8ರಂದು ಜಪಾನ್ ಸೈನ್ಯ ರಂಗೂನನ್ನು ಹಿಡಿಯಿತು. ಅದೇ ತಿಂಗಳು ಸ್ಲಿಮ್ ಅವರನ್ನು ಬರ್ಮಾಕ್ಕೆ ಕರೆಸಿ ಎರಡು ದಣಿದ ಡಿವಿಷನ್ನುಗಳ ಹೊಣೆ ಕೊಡಲಾಯಿತು. ಬಂದರು ಕೈತಪ್ಪಿದ್ದರಿಂದ ಹೊಸ ಸೈನಿಕರು ಬರುವಂತಿರಲಿಲ್ಲ. ವಿಮಾನಗಳ ಬೆಂಬಲ ಬೇಗನೆ ಇಲ್ಲವಾಯಿತು. ಜಪಾನೀಯರು ಕಾಡಿನೊಳಗೆ ಕಾಲ್ನಡಿಗೆಯಲ್ಲಿ ಸುತ್ತಿಬಂದು ಹಿಂದಿನ ರಸ್ತೆಯನ್ನು ಕಟ್ಟಿಹಾಕುತ್ತಿದ್ದರು. ಲಾರಿಗಳನ್ನೇ ನೆಚ್ಚಿದ್ದ ಬ್ರಿಟಿಷ್ ಮತ್ತು ಭಾರತೀಯ ದಳಗಳು ರಸ್ತೆ ಬಿಟ್ಟು ಕದಲಲಾರದೆ ಸಿಕ್ಕಿಬೀಳುತ್ತಿದ್ದವು. ಏಪ್ರಿಲ್ ತಿಂಗಳಿನಲ್ಲಿ ಯೆನಾಂಗ್ಯಾಂಗ್ ಎಣ್ಣೆಬಾವಿಗಳು ಶತ್ರುವಿನ ಪಾಲಾಗದಂತೆ ಸ್ಲಿಮ್ ಅವರೇ ನಾಶ ಮಾಡಿಸಬೇಕಾಯಿತು.

ಒಟ್ಟು ಸುಮಾರು 1,500 ಕಿಲೋಮೀಟರ್ ಹಿಂದೆ ಸರಿದು ಮೇ ತಿಂಗಳಲ್ಲಿ ಆ ಸೈನ್ಯ ಮಣಿಪುರ ತಲುಪಿತು. ಬ್ರಿಟಿಷ್ ಸೈನ್ಯದ ಇತಿಹಾಸದಲ್ಲಿ ಇದಕ್ಕಿಂತ ದೀರ್ಘವಾದ ಹಿಮ್ಮೆಟ್ಟುವಿಕೆ ಇಲ್ಲ. ಅದೇ ಹೊತ್ತಿನಲ್ಲಿ ಬರ್ಮಾದಲ್ಲಿ ನೆಲೆಸಿದ್ದ ಲಕ್ಷಾಂತರ ಭಾರತೀಯರು ನಡೆದು ಬರುತ್ತಿದ್ದರು. ಸಾವಿರಾರು ಮಂದಿ ಹಸಿವು, ಕಾಲರಾ, ಮಲೇರಿಯಾಗಳಿಂದ ದಾರಿಯಲ್ಲೇ ಸತ್ತರು. ಸೈನ್ಯದ ಇತಿಹಾಸ ಹೇಳುವಾಗ ಆ ಜನರನ್ನು ಮರೆಯಬಾರದು.

ಗಡಿಯ ಬಳಿ ನಿಂತು ಸ್ಲಿಮ್ ತಮ್ಮ ಕೊನೆಯ ದಳಗಳು ಒಳಬರುವುದನ್ನು ನೋಡಿದರು. ಎಲುಬು ಕಾಣುವ ಮೈ, ಹರಿದ ಬಟ್ಟೆ. ಆದರೂ ಹೆಚ್ಚಿನವರ ಕೈಯಲ್ಲಿ ಆಯುಧವಿತ್ತು, ಸಾಲು ಮುರಿದಿರಲಿಲ್ಲ. ಇಂಫಾಲದಲ್ಲಿ ಅವರಿಗೆ ಸಿಕ್ಕಿದ ಸ್ವಾಗತ ಮಾತ್ರ ತಣ್ಣಗಿತ್ತು. ಸೋತವರನ್ನು ಹೊಣೆಗೇಡಿಗಳಂತೆ ನಡೆಸಿಕೊಳ್ಳಲಾಯಿತು, ಮಳೆಯಲ್ಲಿ ಮಲಗಲು ಸರಿಯಾದ ಸೂರೂ ಇರಲಿಲ್ಲ. ಸ್ಲಿಮ್ ಇದನ್ನು ಎಂದೂ ಮರೆಯಲಿಲ್ಲ. ಸೋತವನನ್ನು ಅವಮಾನಿಸಿದರೆ ಅವನು ಮುಂದಿನ ಸಲ ಇನ್ನಷ್ಟು ಬೇಗ ಸೋಲುತ್ತಾನೆ ಎಂಬುದು ಅವರಿಗೆ ಅರ್ಥವಾಗಿತ್ತು.

ಸೋಲಿನ ಪರಿಶೀಲನೆ

ಮೊದಲು ಅವರು ಸೋಲಿನ ಕಾರಣಗಳನ್ನು ಒಂದೊಂದಾಗಿ ಬರೆದುಕೊಂಡರು. ನಾವು ಇದನ್ನು ನೈದಾನಿಕ ಪರೀಕ್ಷೆ ಎನ್ನುತ್ತೇವೆ. ಸೈನಿಕರಿಗೆ ಕಾಡಿನ ಅಭ್ಯಾಸವಿಲ್ಲ. ಎಲ್ಲರೂ ರಸ್ತೆಗೆ ಅಂಟಿಕೊಂಡಿದ್ದಾರೆ. ಹಿಂದೆ ಶತ್ರು ಬಂದನೆಂದರೆ ಕತೆ ಮುಗಿಯಿತೆಂದು ಭಾವಿಸುತ್ತಾರೆ. ಜಪಾನೀಯನು ಕಾಡಿನಲ್ಲಿ ಸೋಲದ ಅತಿಮಾನುಷ ಎಂಬ ನಂಬಿಕೆ ಬೇರೂರಿದೆ. ಕೊನೆಯದಾಗಿ, ಏತಕ್ಕಾಗಿ ಕಾದಾಡುತ್ತಿದ್ದೇವೆ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಈ ಪಟ್ಟಿಯಲ್ಲಿ ತಮ್ಮ ಲೋಪಗಳನ್ನೂ ಅವರು ಸೇರಿಸಿಕೊಂಡರು.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದಾಗ ಸ್ಲಿಮ್ ಕಲ್ಕತ್ತಾದ ಹತ್ತಿರ ಬ್ಯಾರಕ್‌ಪುರದಲ್ಲಿ 15ನೇ ಕೋರಿನ ಮುಖ್ಯಸ್ಥರಾಗಿದ್ದರು. ಬಂಗಾಳ ಮತ್ತು ಬಿಹಾರಗಳಲ್ಲಿ ಚಳವಳಿಯನ್ನು ಹತ್ತಿಕ್ಕಲು ಅವರ ದಳಗಳನ್ನೂ ಬಳಸಲಾಯಿತು. 1943ರಲ್ಲಿ ಅವರ ಸೈನ್ಯದ ಹಿನ್ನೆಲೆಯಾಗಿದ್ದ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅವರ ಕೈಕೆಳಗೆ ಭಾರತೀಯ ಸೈನಿಕರು ಜಪಾನೀಯರನ್ನು ಎದುರಿಸಿದರೆ, ಆಚೆಯ ಕಡೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಭಾರತೀಯರಿದ್ದರು. ಸ್ಲಿಮ್ ಒಂದು ಸಾಮ್ರಾಜ್ಯದ ಸೇವಕರಾಗಿದ್ದರು. ಅವರ ಕಲಿಸುವ ರೀತಿಯನ್ನು ಮೆಚ್ಚುವಾಗ ಇದನ್ನು ಬದಿಗಿಡಲು ಆಗುವುದಿಲ್ಲ, ಇಡಲೂಬಾರದು.

ರಾಂಚಿಯ ಪಾಠಗಳು

1942ರ ಕೊನೆಯ ಹೊತ್ತಿಗೆ ಅವರು ತಮ್ಮ ಕೋರನ್ನು ರಾಂಚಿಯ ಸುತ್ತಲಿನ ಕಾಡುಗಳಲ್ಲಿ ತರಬೇತಿಗೆ ಇಳಿಸಿದರು. ಪಠ್ಯಕ್ರಮ ಚಿಕ್ಕದಾಗಿತ್ತು. ಕಾಡು ಶತ್ರುವಲ್ಲ, ಅದರಲ್ಲಿ ಬದುಕಿ ನಡೆದಾಡಲು ಕಲಿಯಬೇಕು. ಗಸ್ತು ತಿರುಗುವುದನ್ನು ಎಲ್ಲರೂ ಕಲಿಯಬೇಕು. ಶತ್ರು ನಮ್ಮ ಹಿಂದೆ ಬಂದರೆ ಸುತ್ತುವರಿಯಲ್ಪಟ್ಟವನು ಅವನೇ ಎಂದು ತಿಳಿಯಬೇಕು. ಯುದ್ಧ ಮಾಡದ ಸಿಬ್ಬಂದಿ ಎಂಬುದೇ ಇಲ್ಲ. ಈ ಕೊನೆಯ ಮಾತನ್ನು ಅವರು ತಮ್ಮ ಕಚೇರಿಯಿಂದಲೇ ಜಾರಿಗೆ ತಂದರು. ಗುಮಾಸ್ತರು, ಅಡುಗೆಯವರು, ಚಾಲಕರು, ಹಿರಿಯ ಅಧಿಕಾರಿಗಳು ಎಲ್ಲರೂ ವ್ಯಾಯಾಮ ಮಾಡಿ ಗುರಿಯಿಟ್ಟು ಹೊಡೆಯುವುದನ್ನು ಕಲಿತರು.

ಈ ನಡುವೆ ಅರಾಕಾನ್ ಕರಾವಳಿಯಲ್ಲಿ ನಡೆದ ಮೊದಲ ದಾಳಿ 1943ರ ಮೇ ಹೊತ್ತಿಗೆ ಪೂರ್ಣವಾಗಿ ವಿಫಲವಾಯಿತು. ಸ್ಲಿಮ್ ಅವರಿಗೆ ಅದರ ಹೊಣೆ ಬಂದದ್ದು ಕೊನೆಯ ಹಂತದಲ್ಲಿ. ಆದರೂ ಮೇಲಧಿಕಾರಿ ಜನರಲ್ ಇರ್ವಿನ್ ಸೋಲಿನ ಭಾರವನ್ನು ಅವರ ಮೇಲೆ ಹೊರಿಸಿ ತೆಗೆದುಹಾಕಲು ನೋಡಿದರು. ಕೊನೆಗೆ ಹುದ್ದೆ ಕಳೆದುಕೊಂಡವರು ಇರ್ವಿನ್. ಅದೇ ವರ್ಷದ ಕೊನೆಯಲ್ಲಿ 14ನೇ ಸೈನ್ಯ ರಚನೆಯಾಗಿ ಸ್ಲಿಮ್ ಅದರ ಸೇನಾಪತಿಯಾದರು. ಸುಮಾರು 1,100 ಕಿಲೋಮೀಟರ್ ಉದ್ದದ ರಣರಂಗ ಅವರದಾಯಿತು. ಸೈನಿಕರಲ್ಲಿ ಬಹುಪಾಲು ಭಾರತೀಯರು. ಜೊತೆಗೆ ಗೂರ್ಖಾಗಳು, ಬ್ರಿಟಿಷರು, ಪೂರ್ವ ಮತ್ತು ಪಶ್ಚಿಮ ಆಫ್ರಿಕಾದವರು ಇದ್ದರು. ಭಾಷೆ, ಧರ್ಮ, ಆಹಾರ ಎಲ್ಲವೂ ಬೇರೆ ಬೇರೆ.

ಧೈರ್ಯ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ಲಿಮ್ ಮೂರು ನೆಲೆಗಳಲ್ಲಿ ಯೋಚಿಸಿದರು. ಮೊದಲನೆಯದು ಮನಸ್ಸಿನ ಆಳದ ನೆಲೆ: ಮಾಡುವ ಕೆಲಸ ದೊಡ್ಡದು, ಅದರಲ್ಲಿ ನನ್ನ ಪಾಲಿಗೂ ಅರ್ಥವಿದೆ ಎಂಬ ಭಾವನೆ. ಎರಡನೆಯದು ಬುದ್ಧಿಯ ನೆಲೆ: ಈ ಗುರಿ ಮುಟ್ಟಲು ಸಾಧ್ಯ ಎಂಬ ಮನವರಿಕೆ. ಮೂರನೆಯದು ಭೌತಿಕ ನೆಲೆ: ಊಟ, ಬಟ್ಟೆ, ಆಯುಧ, ನ್ಯಾಯವಾದ ನಡವಳಿಕೆ. ಮೂರನೆಯದು ತಕ್ಷಣ ದೊರೆಯುವ ಸ್ಥಿತಿಯಿರಲಿಲ್ಲ. ಯುರೋಪಿನ ಯುದ್ಧಕ್ಕೆ ಮೊದಲ ಆದ್ಯತೆ ಇದ್ದುದರಿಂದ ಬರ್ಮಾಕ್ಕೆ ಉಳಿದದ್ದು ಬರುತ್ತಿತ್ತು. ಆದ್ದರಿಂದ ಅವರು ಮೊದಲೆರಡನ್ನು ಹಿಡಿದರು. ದಳದಿಂದ ದಳಕ್ಕೆ ಹೋಗಿ ಉರ್ದು, ಗೂರ್ಖಾಲಿ, ಇಂಗ್ಲಿಷ್‌ಗಳಲ್ಲಿ ಮಾತನಾಡಿದರು. ಮುಂಚೂಣಿಯ ದಳಕ್ಕೆ ಅರ್ಧ ಪಡಿತರವಾದರೆ ತಮ್ಮ ಕಚೇರಿಗೂ ಅರ್ಧ ಪಡಿತರ ಎಂದು ಆಜ್ಞೆ ಮಾಡಿದರು.

ಸಾಧ್ಯ ಎಂಬ ಮನವರಿಕೆಯನ್ನು ಭಾಷಣದಿಂದ ಕೊಡಲಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಕೆಲಸಗಳನ್ನು ಮೆಟ್ಟಿಲುಗಳಂತೆ ಜೋಡಿಸಿದರು. ಮೊದಲು ಚೆನ್ನಾಗಿ ಪಳಗಿದವರ ಸಣ್ಣ ಗಸ್ತು ತಂಡಗಳು ಹೋದವು. ಅವರು ಗೆದ್ದು ಬಂದು ದಳದವರಿಗೆ ಕತೆ ಹೇಳಿದರು. ಆಮೇಲೆ ಉಳಿದವರನ್ನೂ ಗಸ್ತಿಗೆ ಕಳಿಸಿದರು. ಅನಂತರ ಸಣ್ಣ ಜಪಾನಿ ಠಾಣೆಗಳ ಮೇಲೆ ಬಹಳ ದೊಡ್ಡ ದಳಗಳಿಂದ ದಾಳಿ ಮಾಡಿಸಿದರು. ಒಂದು ಕಂಪನಿಯ ಮೇಲೆ ಇಡೀ ಬ್ರಿಗೇಡನ್ನು ಕಳಿಸುವುದು ದುಂದು ಎಂದು ಟೀಕೆ ಬಂತು. ಸ್ಲಿಮ್ ಲೆಕ್ಕಿಸಲಿಲ್ಲ. ಆ ಹಂತದಲ್ಲಿ ಒಂದು ಸಣ್ಣ ಸೋಲನ್ನೂ ಸೈನ್ಯ ತಾಳಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಗೆಲುವಿನ ರುಚಿ ಹತ್ತಿದ ಮೇಲೆಯೇ ಕಷ್ಟದ ಕೆಲಸ ಕೊಟ್ಟರು.

ಸರಳದಿಂದ ಸಂಕೀರ್ಣದೆಡೆಗೆ ಎಂಬ ಬೋಧನಾ ಸೂತ್ರವನ್ನು ನಾವೆಲ್ಲ ಪರೀಕ್ಷೆಗೆ ಬರೆದಿದ್ದೇವೆ. ಇಲ್ಲಿ ಆ ಸೂತ್ರಕ್ಕೆ ಇನ್ನೊಂದು ಅರ್ಥ ನನಗೆ ಕಂಡಿತು. ಸರಳವಾದುದನ್ನು ಮೊದಲು ಕೊಡುವುದು ವಿಷಯ ಅರ್ಥವಾಗಲಿ ಎಂದಷ್ಟೇ ಅಲ್ಲ, ಕಲಿಯುವವನು ತನ್ನನ್ನು ನಂಬಲಿ ಎಂದೂ ಹೌದು.

ಮಲೇರಿಯಾ ವಿರುದ್ಧ ಹೋರಾಟ

ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಇಷ್ಟವಾದ ಭಾಗ ಇದು. 1943ರಲ್ಲಿ ಸ್ಲಿಮ್ ಅವರ ಸೈನ್ಯದಲ್ಲಿ ಗಾಯಗೊಂಡು ಹಿಂದಕ್ಕೆ ಹೋಗುವ ಪ್ರತಿ ಒಬ್ಬ ಸೈನಿಕನಿಗೆ 120 ಮಂದಿ ಕಾಯಿಲೆಯಿಂದ ಹೋಗುತ್ತಿದ್ದರು. ಮಲೇರಿಯಾದ ಪ್ರಮಾಣವೇ ವರ್ಷಕ್ಕೆ ಒಟ್ಟು ಸೈನ್ಯದ 84 ಶೇಕಡಾ. ಈ ಲೆಕ್ಕದಲ್ಲಿ ಶತ್ರು ಗುಂಡು ಹಾರಿಸದಿದ್ದರೂ ಸೈನ್ಯ ಕರಗಿಹೋಗುತ್ತಿತ್ತು.

ರೋಗಿಯನ್ನು ದೂರದ ಆಸ್ಪತ್ರೆಗೆ ಕಳಿಸಿ ತಿಂಗಳುಗಟ್ಟಲೆ ಕಳೆದುಕೊಳ್ಳುವ ಬದಲು ರಣರಂಗದ ಹತ್ತಿರವೇ ಮಲೇರಿಯಾ ಚಿಕಿತ್ಸಾ ಘಟಕಗಳನ್ನು ತೆರೆಯಲಾಯಿತು. ತೀವ್ರವಾಗಿ ಗಾಯಗೊಂಡವರನ್ನು ವಿಮಾನದಲ್ಲಿ ಸಾಗಿಸಲಾಯಿತು. ತಡೆಗಟ್ಟಲು ಮೆಪಾಕ್ರಿನ್ ಮಾತ್ರೆ ಇತ್ತು. ಆದರೆ ಅದನ್ನು ನುಂಗಿದರೆ ಪುರುಷತ್ವ ಹೋಗುತ್ತದೆ ಎಂಬ ಗಾಳಿಸುದ್ದಿ ಹಬ್ಬಿ ಸೈನಿಕರು ಮಾತ್ರೆ ಉಗುಳುತ್ತಿದ್ದರು. ಸ್ಲಿಮ್ ಸಾಮಾನ್ಯ ಸಿಪಾಯಿಗಳನ್ನು ಶಿಕ್ಷಿಸಲು ಹೋಗಲಿಲ್ಲ. ಮುನ್ಸೂಚನೆಯಿಲ್ಲದೆ ಇಡೀ ದಳವನ್ನು ಪರೀಕ್ಷಿಸಿ, ಮಾತ್ರೆ ತೆಗೆದುಕೊಂಡವರು ಶೇಕಡಾ 95ಕ್ಕಿಂತ ಕಡಿಮೆಯಿದ್ದರೆ ದಳದ ಮುಖ್ಯಸ್ಥನನ್ನೇ ವಜಾ ಮಾಡಿದರು. ಮೂವರನ್ನು ವಜಾ ಮಾಡಿದ ಮೇಲೆ ಉಳಿದವರಿಗೆ ಅರ್ಥವಾಯಿತು. 1945ರ ಹೊತ್ತಿಗೆ ಕಾಯಿಲೆಯ ಪ್ರಮಾಣ ದಿನಕ್ಕೆ ಸಾವಿರಕ್ಕೆ ಒಬ್ಬರಿಗೆ ಇಳಿದಿತ್ತು.

ಔಷಧ ವೈದ್ಯರ ಕೆಲಸ, ಅದು ನುಂಗುವಂತೆ ನೋಡಿಕೊಳ್ಳುವುದು ನಾಯಕನ ಕೆಲಸ ಎಂದು ಅವರು ತಿಳಿದಿದ್ದರು. ನಮ್ಮ ಶಾಲೆಗಳಲ್ಲಿ ಕಬ್ಬಿಣಾಂಶದ ಮಾತ್ರೆ, ಜಂತುಹುಳು ಮಾತ್ರೆ ಹಂಚುವ ದಿನ ಇದು ನೆನಪಾಗಬೇಕು. ಹಂಚಿದ ಲೆಕ್ಕ ಬೇರೆ, ಮಗು ನುಂಗಿದ ಲೆಕ್ಕ ಬೇರೆ. ಕಲಿಸಿದ ಲೆಕ್ಕಕ್ಕೂ ಕಲಿತ ಲೆಕ್ಕಕ್ಕೂ ಇರುವ ಅಂತರವೂ ಇದೇ.

ಇಂಫಾಲ ಮತ್ತು ಕೊಹಿಮಾ

1944ರ ಫೆಬ್ರವರಿಯಲ್ಲಿ ಅರಾಕಾನ್‌ನಲ್ಲಿ ಜಪಾನೀಯರು ಹಳೆಯ ತಂತ್ರದಂತೆ ಸುತ್ತುವರಿದರು. ಈ ಸಲ ಯಾರೂ ಓಡಲಿಲ್ಲ. ಗುಮಾಸ್ತರು, ಚಾಲಕರು, ವೈದ್ಯ ಸಿಬ್ಬಂದಿ ಸಹ ಬಂದೂಕು ಹಿಡಿದು ನಿಂತರು. ವಿಮಾನಗಳು ಮೇಲಿನಿಂದ ಊಟ ಮತ್ತು ಮದ್ದುಗುಂಡು ಇಳಿಸಿದವು. ಸುಮಾರು ಮೂರು ವಾರಗಳ ನಂತರ ಹಿಂದೆ ಸರಿದದ್ದು ಜಪಾನೀಯರು. ಅರಾಕಾನ್ ರಂಗದಲ್ಲಿಯೇ ಮುಂದೆ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ಒಂದನ್ನು ಮುನ್ನಡೆಸಿ ಹೆಸರು ಪಡೆದರು.

ಮಾರ್ಚಿಯಲ್ಲಿ ಮುತಾಗುಚಿ ನೇತೃತ್ವದಲ್ಲಿ ಮೂರು ಜಪಾನಿ ಡಿವಿಷನ್ನುಗಳು ಮಣಿಪುರ ಮತ್ತು ನಾಗಾ ಬೆಟ್ಟಗಳತ್ತ ಬಂದವು. ಶತ್ರುವನ್ನು ಇಂಫಾಲದ ಬಯಲಿಗೆ ಬರಗೊಟ್ಟು ಅಲ್ಲಿ ಎದುರಿಸುವುದು ಸ್ಲಿಮ್ ಅವರ ಯೋಜನೆ. ಯೋಜನೆ ಸರಿಯಿದ್ದರೂ ಎರಡು ಲೆಕ್ಕ ತಪ್ಪಿದವು. ಮುಂದಿನ ದಳಗಳನ್ನು ಹಿಂದೆ ಕರೆಸುವುದು ತಡವಾಯಿತು. ಕೊಹಿಮಾಕ್ಕೆ ಚಿಕ್ಕ ದಳ ಬರಬಹುದೆಂದು ಎಣಿಸಿದ್ದರೆ ಒಂದು ಇಡೀ ಡಿವಿಷನ್ ಬಂತು. ಅಲ್ಲಿದ್ದವರು ಸುಮಾರು 2,500 ಮಂದಿ, ಅವರಲ್ಲಿ ಎಲ್ಲರೂ ಯೋಧರಲ್ಲ. ಅವರು ಏಪ್ರಿಲ್‌ನಲ್ಲಿ ಸುಮಾರು ಎರಡು ವಾರ ಗುಡ್ಡವನ್ನು ಕಾಯ್ದರು. 5ನೇ ಭಾರತೀಯ ಡಿವಿಷನ್ನನ್ನು ಅರಾಕಾನ್‌ನಿಂದ ವಿಮಾನದಲ್ಲಿ ತಂದು ಇಳಿಸಲಾಯಿತು. ತಮ್ಮ ಎರಡು ತಪ್ಪುಗಳಿಂದ ತಮ್ಮನ್ನು ಉಳಿಸಿದವರು ಸೈನಿಕರು ಎಂದು ಸ್ಲಿಮ್ ನಂತರ ಒಪ್ಪಿಕೊಂಡರು.

ಜೂನ್ 22ರಂದು ಇಂಫಾಲದ ರಸ್ತೆ ತೆರೆಯಿತು. ಭಾರತಕ್ಕೆ ಬಂದ ಸುಮಾರು 85,000 ಜಪಾನೀಯರಲ್ಲಿ ಸುಮಾರು 30,000 ಮಂದಿ ಸತ್ತರು, ಅನೇಕರು ಹಸಿವು ಮತ್ತು ರೋಗದಿಂದ. ಬ್ರಿಟಿಷ್ ಮತ್ತು ಭಾರತೀಯ ದಳಗಳಲ್ಲಿ ಸತ್ತವರು, ಗಾಯಗೊಂಡವರು 16,000ಕ್ಕೂ ಹೆಚ್ಚು. ಮಣಿಪುರ, ನಾಗಾಲ್ಯಾಂಡಿನ ಹಳ್ಳಿಗಳು ಸುಟ್ಟುಹೋದವು. ಗೆಲುವು ಎಂದು ಬರೆಯುವಾಗ ಈ ಅಂಕಿಗಳನ್ನೂ ಬರೆಯಬೇಕು.

ಮರಳಿ ರಂಗೂನಿಗೆ

ಡಿಸೆಂಬರಿನಲ್ಲಿ ಇಂಫಾಲದಲ್ಲಿಯೇ ವೈಸ್‌ರಾಯ್ ವೇವೆಲ್ ಅವರು ಸ್ಲಿಮ್ ಅವರಿಗೆ ನೈಟ್ ಪದವಿ ಪ್ರದಾನ ಮಾಡಿದರು. ಅಷ್ಟು ಹೊತ್ತಿಗೆ ಸೈನ್ಯ ಬರ್ಮಾದತ್ತ ನಡೆದಿತ್ತು. ಸಾಮಗ್ರಿಯ ಕೊರತೆಗೆ ಅವರು ಅಳುತ್ತ ಕೂರಲಿಲ್ಲ. ರೇಷ್ಮೆಯ ಪ್ಯಾರಾಚೂಟ್ ಸಾಲದಾದಾಗ ಬಂಗಾಳದ ಸೆಣಬಿನಿಂದ ಪ್ಯಾರಾಚೂಟ್ ಮಾಡಿಸಿದರು. ಬೆಲೆ ಬಹಳ ಕಡಿಮೆ, ಸಾಮಾನು ಇಳಿಸಲು ಸಾಕು. ಅದೇ ಸೆಣಬಿನ ಬಟ್ಟೆಗೆ ಡಾಂಬರು ಬಳಿದು ರಸ್ತೆಗೆ ಹಾಸಿದರು. ಚಿಂದ್ವಿನ್ ನದಿಯ ದಡದಲ್ಲಿ ದೋಣಿ ಕಟ್ಟಿಸಿದರು. ಕಡಿಮೆ ವೆಚ್ಚದ ಬೋಧನೋಪಕರಣ ತಯಾರಿಸುವಾಗ ನಾವು ಮಾಡುವುದೂ ಇದನ್ನೇ.

ಅವರ ಅತಿ ದೊಡ್ಡ ಕಾರ್ಯಾಚರಣೆ ಇರಾವತಿ ನದಿಯದು. ಜಪಾನೀಯರು ನದಿಯ ಆಚೆಗೆ ಸರಿದಿದ್ದಾರೆಂದು ತಿಳಿದಾಗ ಹಳೆಯ ಯೋಜನೆಯನ್ನು ಕೈಬಿಟ್ಟು ಹೊಸದನ್ನು ರೂಪಿಸಿದರು. ಒಂದು ಕೋರು ಮಂಡಲೆಯ ಕಡೆಗೆ ಸದ್ದು ಮಾಡುತ್ತ ನಡೆಯಿತು. ಇನ್ನೊಂದು ಕೋರು ರೇಡಿಯೋ ಮೌನದಲ್ಲಿ ಕಾಡುದಾರಿ ಹಿಡಿದು ದಕ್ಷಿಣಕ್ಕೆ ಇಳಿಯಿತು. ಅದು ಹಳೆಯ ಜಾಗದಲ್ಲಿಯೇ ಇದೆ ಎಂದು ಶತ್ರು ನಂಬುವಂತೆ ಸುಳ್ಳು ಕಚೇರಿಯೊಂದು ರೇಡಿಯೋ ಸಂದೇಶ ಕಳಿಸುತ್ತಲೇ ಇತ್ತು. 1945ರ ಮಾರ್ಚ್ ಮೊದಲ ವಾರದಲ್ಲಿ ಆ ಕೋರು ಶತ್ರುವಿನ ಸರಬರಾಜು ಕೇಂದ್ರವಾದ ಮೇಕ್ಟಿಲಾವನ್ನು ಹಿಡಿಯಿತು. ಮಾರ್ಚ್ 20ರಂದು ಮಂಡಲೆ, ಮೇ ಮೊದಲ ವಾರದಲ್ಲಿ ರಂಗೂನ್ ವಶವಾದವು.

ಇಷ್ಟಾದ ಮೇಲೂ ಅದೇ ಮೇ ತಿಂಗಳಲ್ಲಿ ಮೇಲಧಿಕಾರಿ ಜನರಲ್ ಲೀಸ್ ಅವರು ಸ್ಲಿಮ್ ಅವರನ್ನು 14ನೇ ಸೈನ್ಯದಿಂದ ಬಿಡಿಸಿ ಕಿರಿದಾದ ಹೊಣೆ ಕೊಡಲು ಹೊರಟರು. ಸ್ಲಿಮ್ ನಿವೃತ್ತಿಗೆ ಸಿದ್ಧರಾದರು. ಸುದ್ದಿ ಹರಡಿದಾಗ ಸೈನ್ಯದಲ್ಲಿ ಅಸಮಾಧಾನ ಎದ್ದಿತು. ನಿರ್ಧಾರ ರದ್ದಾಯಿತು, ಲೀಸ್ ಹುದ್ದೆ ಬಿಡಬೇಕಾಯಿತು, ಆ ಹುದ್ದೆ ಸ್ಲಿಮ್ ಅವರಿಗೇ ಬಂತು.

ಯುದ್ಧದ ನಂತರ

1946ರಲ್ಲಿ ಅವರು ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜಿನ ಮುಖ್ಯಸ್ಥರಾಗಿ ಮತ್ತೆ ಬೋಧನೆಗೆ ಮರಳಿದರು. ನಿವೃತ್ತರಾಗಿ ಬ್ರಿಟಿಷ್ ರೈಲ್ವೆಯಲ್ಲಿದ್ದ ಅವರನ್ನು ಪ್ರಧಾನಿ ಆಟ್ಲಿ 1948ರಲ್ಲಿ ಕರೆಸಿ ಬ್ರಿಟಿಷ್ ಸೈನ್ಯದ ಅತ್ಯುನ್ನತ ಹುದ್ದೆಗೆ ನೇಮಿಸಿದರು. ಭಾರತೀಯ ಸೈನ್ಯದಿಂದ ಬಂದ ಅಧಿಕಾರಿಗೆ ಆ ಹುದ್ದೆ ಸಿಕ್ಕಿದ್ದು ಅದೇ ಮೊದಲು. 1949ರಲ್ಲಿ ಫೀಲ್ಡ್ ಮಾರ್ಷಲ್ ಆದರು. 1953ರಿಂದ 1960ರವರೆಗೆ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆಗಿದ್ದರು. 1956ರಲ್ಲಿ ಪ್ರಕಟವಾದ ಡಿಫೀಟ್ ಇಂಟು ವಿಕ್ಟರಿ ಎಂಬ ಅವರ ಬರ್ಮಾ ಯುದ್ಧದ ಪುಸ್ತಕ ಇಂದಿಗೂ ಸೈನಿಕ ಕಾಲೇಜುಗಳಲ್ಲಿ ಓದಲ್ಪಡುತ್ತದೆ. 1970ರ ಡಿಸೆಂಬರ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಶಿಕ್ಷಕರಾಗುವ ನಾವು ಇನ್ನೊಂದನ್ನೂ ತಿಳಿದಿರಬೇಕು. ಅವರು ಸತ್ತು ದಶಕಗಳಾದ ಮೇಲೆ, 1950ರ ದಶಕದಲ್ಲಿ ಆಸ್ಟ್ರೇಲಿಯಾದ ವಸತಿ ಶಾಲೆಯೊಂದರಲ್ಲಿ ಮಕ್ಕಳಾಗಿದ್ದ ಕೆಲವರು, ಭೇಟಿಗೆ ಬಂದ ಗವರ್ನರ್ ಜನರಲ್ ತಮ್ಮೊಂದಿಗೆ ಅನುಚಿತವಾಗಿ ವರ್ತಿಸಿದ್ದರು ಎಂದು ಆರೋಪಿಸಿದರು. ಆರೋಪ ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಳಗಾಗಲಿಲ್ಲ. ಕ್ಯಾನ್‌ಬೆರಾದ ರಸ್ತೆಯೊಂದಕ್ಕೆ ಇದ್ದ ಅವರ ಹೆಸರನ್ನು ಬದಲಿಸಲಾಯಿತು. ಇದನ್ನು ಬಿಟ್ಟು ಬರೆದಿದ್ದರೆ ಲೇಖನ ಹೆಚ್ಚು ಸುಂದರವಾಗುತ್ತಿತ್ತು. ಆದರೆ ಮಕ್ಕಳ ಮಾತಿಗಿಂತ ದೊಡ್ಡವರ ಹೆಸರು ಮುಖ್ಯ ಎಂದು ನಾವೇ ಕಲಿಸಿದಂತಾಗುತ್ತಿತ್ತು. ಶಾಲೆಗೆ ಬರುವ ಅತಿಥಿ ಎಷ್ಟೇ ದೊಡ್ಡವರಿರಲಿ, ಮಗುವಿನ ಸುರಕ್ಷತೆ ಶಿಕ್ಷಕರ ಹೊಣೆ.

ನಮಗೆ ಉಳಿಯುವುದು

ನಾನು ಸ್ಲಿಮ್ ಅವರನ್ನು ಆದರ್ಶ ಪುರುಷ ಎಂದು ನಿಮ್ಮ ಮುಂದೆ ಇಡುತ್ತಿಲ್ಲ. ಯುದ್ಧಭೂಮಿಯ ಗುರಿ ತರಗತಿಯ ಗುರಿಯಲ್ಲ. ಅವರ ಕೆಲಸದಿಂದ ಮೂರು ಸಂಗತಿಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಸೋಲಿನ ಕಾರಣಗಳ ಪಟ್ಟಿಯಲ್ಲಿ ಕಲಿಸುವವನ ಹೆಸರೂ ಇರಬೇಕು. ಮೊದಲ ಕೆಲಸ ಗೆಲ್ಲಬಹುದಾದ ಕೆಲಸವಾಗಿರಬೇಕು. ಹಂಚಿದ್ದು ತಲುಪಿತೇ ಎಂದು ಕೊನೆಯವರೆಗೆ ಹೋಗಿ ನೋಡಬೇಕು.

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನಾನು ಬೆಳಕಿನ ಪ್ರತಿಫಲನ ಪಾಠವನ್ನು ಕಲಿಸಬೇಕಿದೆ. ಪಾಠಯೋಜನೆಯ ಪೂರ್ವಜ್ಞಾನ ಪರೀಕ್ಷೆಯ ಅಂಕಣದಲ್ಲಿ, ಹಿಂದಿನ ಬೆಂಚಿನ ಪ್ರತಿ ಮಗುವೂ ಒಂದು ಕನ್ನಡಿಯ ಚೂರು ಹಿಡಿದು ಗೋಡೆಯ ಮೇಲೆ ಬಿಸಿಲಿನ ಚುಕ್ಕಿ ಮೂಡಿಸುವ ಕೆಲಸವನ್ನು ಬರೆದಿದ್ದೇನೆ. ಅದರಲ್ಲಿ ಯಾರೂ ಸೋಲುವುದಿಲ್ಲ. ಕೋನ ಅಳೆಯುವ ಕೆಲಸ ಅದಾದ ಮೇಲೆ ಬರುತ್ತದೆ.